ಕಾರ್ಡ್ ಸಣ್ಣದು, ಮಳೆಗಾಲ ದೊಡ್ಡದು

ಪ್ರಶ್ನೆ: ನಾನು ಉಡುಪಿ ಕುಂಜಿಬೆಟ್ಟಿನವಳು. ಸೊಸೈಟಿಯೊಂದರಲ್ಲಿ ಕೆಲಸ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಚಿತ್ರ ಬರೆಯುವ ಅಭ್ಯಾಸ. ದೊಡ್ಡ ಚಿತ್ರಕ್ಕೆ ಸಮಯವೂ ಇಲ್ಲ, ಮನೆಯಲ್ಲಿ ಜಾಗವೂ ಇಲ್ಲ. ಹಾಗಾಗಿ ಹೋದ ವರ್ಷದಿಂದ ಇಸ್ಪೀಟ್ ಎಲೆಯಷ್ಟು ದೊಡ್ಡ ಕಾರ್ಡ್‌ಗಳ ಮೇಲೆ ಬರೆಯುತ್ತಿದ್ದೇನೆ. ಸುಮಾರು 60 ಆಗಿವೆ, ಕೆಲವು ಹಳೆಯ ಮದುವೆ ಕಾಗದದ ಮೇಲೆ. ಹನ್ನೆರಡರ ಫೋಟೋ ಜೊತೆಗೆ ಕಳಿಸಿದ್ದೇನೆ. ಮಳೆಗಾಲದಲ್ಲಿ ಕೆಲವಕ್ಕೆ ಬೂಸ್ಟು ಬಂತು, ಕೆಲವು ಒಂದಕ್ಕೊಂದು ಅಂಟಿಕೊಂಡವು. ಇವನ್ನು ಚಿತ್ರ ಬರೆಯುವ ಬೇರೆಯವರ ಕಾರ್ಡ್‌ಗಳ ಜೊತೆ ಬದಲಾಯಿಸಿಕೊಳ್ಳಬೇಕು, ಮಾರಬಾರದು ಅಂತ ಗೆಳತಿ ಹೇಳುತ್ತಾಳೆ. ರಥಬೀದಿ ಹತ್ತಿರದ ಅಂಗಡಿಯವರು ಒಂದಕ್ಕೆ 100 ರೂಪಾಯಿ ಕೊಡ್ತೇವೆ ಅನ್ನುತ್ತಿದ್ದಾರೆ. ಎಂಟು ವರ್ಷದ ಮಗಳೂ ನನ್ನ ಜೊತೆ ಕೂತು ಮಾಡುತ್ತಾಳೆ, ಅವಳದ್ದನ್ನೂ ಸೇರಿಸಬಹುದಾ? ಸರ್, ಅಳತೆ, ಕಾಗದ, ಇಡುವ ಕ್ರಮ ಎಲ್ಲ ಒಮ್ಮೆ ವಿವರವಾಗಿ ಹೇಳಿ.

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಅಂಗಡಿಯವರು ಕೇಳಿದ್ದೂ ತಪ್ಪಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಳತೆ. ಯಾಕೆಂದರೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅನ್ನುವ ಈ ಕಾರ್ಡ್‌ಗಳಲ್ಲಿ ನಿಜವಾಗಿ ಕಟ್ಟುನಿಟ್ಟಾದದ್ದು ಅದೊಂದೇ.

ಅಗಲ ಎರಡೂವರೆ ಇಂಚು, ಉದ್ದ ಮೂರೂವರೆ ಇಂಚು. ಮಿಲಿಮೀಟರ್‌ನಲ್ಲಿ 64ಕ್ಕೆ 89. ಅಡ್ಡ ಹಿಡಿದು ಬರೆದರೂ ಆಗುತ್ತದೆ, ಉದ್ದ ಹಿಡಿದರೂ ಆಗುತ್ತದೆ. ಅಳತೆ ಮಾತ್ರ ಮೀರುವ ಹಾಗಿಲ್ಲ. ಇದು ಅಮೆರಿಕದ ಬೇಸ್‌ಬಾಲ್ ಕಾರ್ಡಿನ ಅಳತೆ. ಟಾಪ್ಸ್ ಕಂಪನಿ 1957ರಲ್ಲಿ ತನ್ನ ಕಾರ್ಡನ್ನು ಈ ಅಳತೆಗೆ ಇಳಿಸಿತು, ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡ್ ಕೂಡಿಸಿದವರಿಗೆ ಈ ಬದಲಾಯಿಸುವ ಹುಚ್ಚು ಹೊಸತೇನಲ್ಲ. "ನಿನ್ನ ಹತ್ರ ಇದು ಎರಡಿದೆಯಲ್ಲ, ನನಗೊಂದು ಕೊಡು" ಅಂತ ಶಾಲೆಯ ಜಗಲಿಯಲ್ಲಿ ಕೂತದ್ದು ನನಗೆ ಈಗಲೂ ನೆನಪಿದೆ.

ಕೈಯಲ್ಲಿ ಬರೆದ ಚಿತ್ರವನ್ನು ಹಾಗೆಯೇ ಬದಲಾಯಿಸಿಕೊಂಡರೆ ಹೇಗೆ ಎಂದು ಯೋಚಿಸಿದವರು ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನ ಕಲಾವಿದ ಎಂ. ವೆಂಚಿ ಸ್ಟಿರ್ನೆಮಾನ್. ಅವರು 1996ರಲ್ಲಿ ಶುರು ಮಾಡಿ ಒಬ್ಬರೇ 1200 ಕಾರ್ಡ್ ತಯಾರಿಸಿದರು. 1997ರಲ್ಲಿ ಅವನ್ನು ಪ್ರದರ್ಶನಕ್ಕಿಟ್ಟರು. ನೋಡಲು ಬಂದವರಿಗೆ ಅವರು ಹೇಳಿದ್ದು ಇಷ್ಟೇ: ಕಾರ್ಡ್ ಬೇಕಾದರೆ ನೀವೂ ಒಂದು ಮಾಡಿಕೊಂಡು ಬನ್ನಿ, ಬದಲಾಯಿಸಿಕೊಳ್ಳೋಣ. ಡಾನ್ ಮೇಬಿ ಎಂಬ ಕಲಾವಿದರ ಮೂಲಕ ಇದು ಕೆನಡಾದ ಕ್ಯಾಲ್ಗರಿಗೆ ಹೋಯಿತು, ಅಲ್ಲಿಂದ ಎಲ್ಲ ಕಡೆ ಹರಡಿತು. ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅನ್ನುವುದನ್ನು ಚಿಕ್ಕದು ಮಾಡಿ ಎಟಿಸಿ ಅನ್ನುತ್ತಾರೆ. ಮಂಗಳೂರಿನಲ್ಲಿ ನಾನು ಎಟಿಸಿ ಅಂದರೆ ಬಜ್ಪೆ ವಿಮಾನ ನಿಲ್ದಾಣದ ಏರ್ ಟ್ರಾಫಿಕ್ ಕಂಟ್ರೋಲ್ ವಿಷಯ ಅಂದುಕೊಳ್ಳುವವರೇ ಜಾಸ್ತಿ. ಹಾಗಾಗಿ ನಾನು ಸುಮ್ನೆ ಚಿತ್ರಕಾರ್ಡ್ ಅನ್ನುತ್ತೇನೆ. ಅಂದಹಾಗೆ ಸ್ವಿಟ್ಜರ್‌ಲ್ಯಾಂಡಿನಿಂದ ನಮ್ಮೂರಿಗೆ ಬಂದದ್ದು ಇದೊಂದೇ ಅಲ್ಲ. 1834ರಲ್ಲಿ ಬಾಸೆಲ್ ಮಿಶನ್‌ನವರು ಬಂದರು, ಅವರಿಂದ ಹಂಚಿನ ಕಾರ್ಖಾನೆ ಬಂತು, 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆಯೂ ಬಂತು.

ನಮ್ಮಲ್ಲಿ ಕೈಯಲ್ಲಿ ಚಿತ್ರ ಬರೆದ ಹಳೆಯ ಇಸ್ಪೀಟು, ಗಂಜೀಫಾ, ಇತ್ತಲ್ವಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇತ್ತು. ದಶಾವತಾರದ ಗಂಜೀಫಾದಲ್ಲಿ 120 ಎಲೆ, ಒಂದೊಂದೂ ಅಂಗೈಯೊಳಗೆ ಹಿಡಿಯುವ ದುಂಡು ಚಿತ್ರ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಕ್ಕೆ ದೊಡ್ಡ ಆಸರೆಯಾಗಿದ್ದರು. ಸಣ್ಣ ಜಾಗದಲ್ಲಿ ಗೆರೆ ಎಳೆಯುವುದು ಹೇಗೆಂದು ಕಲಿಯಲು ಗಂಜೀಫಾದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಗಂಜೀಫಾ ಆಡುವುದಕ್ಕೆ ಮಾಡಿದ್ದು, ಒಂದು ಕಟ್ಟಿನ ಎಲ್ಲ ಎಲೆಗಳ ಬೆನ್ನೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಎದುರಿಗೆ ಕೂತವನಿಗೆ ನಿಮ್ಮ ಕೈ ಗೊತ್ತಾಗಿಬಿಡುತ್ತದೆ. ನಮ್ಮ ಕಾರ್ಡಿಗೆ ಬೆನ್ನೇ ಜಾತಕ. ನಿಮ್ಮ ಹೆಸರು, ಊರು, ತಾರೀಕು, ಚಿತ್ರದ ಹೆಸರು, ಸಹಿ ಎಲ್ಲ ಹಿಂದೆ ಬರಬೇಕು. ಒಂದೇ ಥರದ್ದು ಎಂಟು ಮಾಡಿದ್ದರೆ ಮೂರನೆಯದರ ಹಿಂದೆ 3/8 ಎಂದು ಬರೆಯಿರಿ. ಒಂದೇ ಮಾಡಿದ್ದರೆ 1/1. ಬಾಲ್‌ಪೆನ್ ಬೇಡ, ಒತ್ತಿ ಬರೆದರೆ ಮುಂದಿನ ಬಣ್ಣದಲ್ಲಿ ಗೆರೆ ಏಳುತ್ತದೆ. ಪೆನ್ಸಿಲ್ ಸಾಕು. ಫೋಟೋದಲ್ಲಿ ನಿಮ್ಮ ಕಾರ್ಡ್‌ಗಳ ಹಿಂಭಾಗ ಖಾಲಿ ಇದ್ದ ಹಾಗೆ ಕಾಣುತ್ತದೆ. ಇವತ್ತೇ ಬರೆದುಬಿಡಿ. ಎರಡು ವರ್ಷ ಕಳೆದರೆ ಯಾವುದು ಮೊದಲು ಬರೆದದ್ದೆಂದು ನಿಮಗೇ ನೆನಪಿರುವುದಿಲ್ಲ.

ಕಾಗದದ ವಿಷಯ ಬೇಗ ಮುಗಿಯುತ್ತದೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ವಾಟರ್‌ಕಲರ್ ಶೀಟ್ ತೆಗೆದುಕೊಳ್ಳಿ, ಸಿಕ್ಕಿದರೆ ಹತ್ತಿಯದ್ದು. ಬಿಡಿ ಕಾರ್ಡಿನ ಕಟ್ಟು ಕೊಳ್ಳುವುದಕ್ಕಿಂತ ದೊಡ್ಡ ಶೀಟ್ ಅಗ್ಗ. 22ಕ್ಕೆ 30 ಇಂಚಿನ ಒಂದು ಶೀಟಿನಲ್ಲಿ 30 ಇಂಚಿನ ಬದಿಗೆ ಎರಡೂವರೆಯಂತೆ ಹನ್ನೆರಡು, 22ರ ಬದಿಗೆ ಮೂರೂವರೆಯಂತೆ ಆರು, ಒಟ್ಟು 72 ಕಾರ್ಡ್ ಬರುತ್ತವೆ. ಅಂಚು ಒರಟಾಗಿದ್ದರೆ ಒಂದು ಸಾಲು ಬಿಟ್ಟು 66. ಎ4 ಶೀಟಿನಲ್ಲಿ ಒಂಬತ್ತು. ಹಳೆಯ ಮದುವೆ ಕಾಗದ ಉಪಯೋಗಿಸುತ್ತೀರಿ ಎಂದು ಬರೆದಿದ್ದೀರಿ. ನಮ್ಮ ಕಡೆಯ ಮದುವೆ ಕಾಗದ ದಪ್ಪ ಇರುತ್ತದೆ, ಆಸೆಯಾಗುವುದು ಸಹಜ. ಆದರೆ ಹೊಳಪಿನ ಲೇಪ ಇರುವುದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಅಗ್ಗದ ರಟ್ಟು ಕೆಲವೇ ವರ್ಷದಲ್ಲಿ ಹಳದಿಯಾಗುತ್ತದೆ. ಅಭ್ಯಾಸಕ್ಕೆ ಇರಲಿ, ಕೊಡುವುದಕ್ಕೆ ಬೇಡ.

ಕತ್ತರಿಸುವಾಗ ಕತ್ತರಿ ಬೇಡ. ಸ್ಟೀಲ್ ಸ್ಕೇಲು ಮತ್ತು ಕಟರ್ ಸಾಕು. ಒಂದೇ ಸಲ ಒತ್ತಬೇಡಿ, ಹಗುರವಾಗಿ ಮೂರು ನಾಲ್ಕು ಸಲ ಎಳೆಯಿರಿ. ಉಳಿಸಿಕೊಳ್ಳುವ ಭಾಗ ಸ್ಕೇಲಿನ ಅಡಿಯಲ್ಲಿರಲಿ. ಬ್ಲೇಡು ಜಾರಿದರೆ ಹಾಳಾಗುವುದು ಹೊರಗಿನ ಚೂರು ಮಾತ್ರ. ಅರ್ಧ ಮಿಲಿಮೀಟರ್ ಕಮ್ಮಿಯಾದರೆ ಪರವಾಗಿಲ್ಲ, ಹೆಚ್ಚಾದರೆ ಕವರಿನೊಳಗೆ ಹೋಗುವುದಿಲ್ಲ, ಮೂಲೆ ಮಡಚುತ್ತದೆ.

ಈಗ ಚಿತ್ರಕ್ಕೆ ಬರೋಣ. ನೀವು ಕಳಿಸಿದ ಹನ್ನೆರಡು ಕಾರ್ಡ್‌ಗಳ ಫೋಟೋದಲ್ಲಿ ಎರಡನ್ನು ತುಂಬ ಹೊತ್ತು ನೋಡಿದೆ. ಒಂದು ಕೃಷ್ಣಮಠದ ಪರ್ಯಾಯ ಉತ್ಸವದ ಮೆರವಣಿಗೆ. ರಥಬೀದಿ, ಜನ, ಕೊಡೆ, ದೀಪ, ಹಿಂದೆ ಮಠದ ಗೋಪುರ, ಮೇಲೆ ಬಾಣಬಿರುಸು ಎಲ್ಲ ಇದೆ. ಇನ್ನೊಂದು ಬಾಳೆ ಎಲೆಯ ಚೂರಿನ ಮೇಲೆ ಒಂದು ಚೆಂಡು ಮಲ್ಲಿಗೆ. ಮೊದಲನೆಯದಕ್ಕೆ ನೀವು ಒಂದು ವಾರ ಕೂತಿರಬೇಕು. ಎರಡನೆಯದು ಒಂದೇ ರಾತ್ರಿಯದ್ದು ಅನಿಸುತ್ತದೆ. ನಾನು ಬದಲಿಗೆ ಕೇಳುವುದಿದ್ದರೆ ಎರಡನೆಯದನ್ನೇ ಕೇಳುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಮೆರವಣಿಗೆಯ ಚಿತ್ರ ದೊಡ್ಡ ಚಿತ್ರ. ಅದನ್ನು ನೀವು ಸಣ್ಣದು ಮಾಡಿದ್ದೀರಿ. ಮೊಗಗಳೆಲ್ಲ ಚುಕ್ಕೆಯಾಗಿವೆ, ಕೊಡೆ ಕೊಡೆಯ ಹಾಗಿಲ್ಲ. ಮಲ್ಲಿಗೆಯ ಕಾರ್ಡ್ ಹಾಗಲ್ಲ. ಅದು ಅಷ್ಟೇ ದೊಡ್ಡದಿರಬೇಕಾದ ಚಿತ್ರ. ಮೊಗ್ಗಿನ ತುದಿಯ ನಸುಗೆಂಪು ಕಾಣುತ್ತದೆ, ಬಾಳೆನಾರಿನ ಗಂಟು ಕಾಣುತ್ತದೆ. ಕಾರ್ಡನ್ನು ಯಾರೂ ಗೋಡೆಗೆ ಹಾಕಿ ದೂರ ನಿಂತು ನೋಡುವುದಿಲ್ಲ. ಕೈಯಲ್ಲಿ ಹಿಡಿದು, ಪುಸ್ತಕ ಓದುವಷ್ಟು ಹತ್ತಿರದಿಂದ ನೋಡುತ್ತಾರೆ. ಅಷ್ಟು ಹತ್ತಿರಕ್ಕೆ ನಿಜವಾಗಿ ತರಬಹುದಾದ ವಸ್ತುವನ್ನೇ ಆರಿಸಿ. ಪರ್ಯಾಯ ಬೇಕೆಂದರೆ ಒಂದು ಕೊಡೆಯ ಜರಿ ಅಂಚು ಬರೆಯಿರಿ. ಮಲ್ಪೆ ಬೇಕೆಂದರೆ ಬೋಟಿನ ಹಗ್ಗದ ಗಂಟು. ಸೇಂಟ್ ಮೇರೀಸ್ ದ್ವೀಪ ಬೇಕೆಂದರೆ ಸಮುದ್ರ, ತೆಂಗು, ಆಕಾಶ ಎಲ್ಲ ಬಿಡಿ. ಆ ಲಾವಾ ಕಂಬಗಳ ಮೇಲ್ತುದಿಯ ಆರು ಮೂಲೆಯ ಕಲ್ಲು ಮೂರು ಬರೆದರೆ ಸಾಕು, ನಮ್ಮ ಕಡೆಯವರಿಗೆ ಗುರುತು ಸಿಕ್ಕೇ ಸಿಗುತ್ತದೆ.

ಬ್ರಷ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪನ್ನು ನೀವೂ ಮಾಡಿದ್ದೀರಿ. ಚಿತ್ರ ಸಣ್ಣದು, ಹಾಗಾಗಿ ಬ್ರಷ್ಷೂ ಕೂದಲೆಳೆಯಷ್ಟು ಸಣ್ಣದು! ಆ ಬ್ರಷ್ ಹತ್ತು ಚುಕ್ಕೆ ಇಡುವಷ್ಟರಲ್ಲಿ ಒಣಗಿರುತ್ತದೆ. ತುದಿ ಚೂಪಾಗಿರುವ 3 ಅಥವಾ 4ನೇ ನಂಬರಿನ ದುಂಡು ಬ್ರಷ್ ಇದ್ದರೆ ಹೊಟ್ಟೆಯಲ್ಲಿ ಬಣ್ಣ ಇಟ್ಟುಕೊಂಡು ತುದಿಯಲ್ಲಿ ಗೆರೆ ಎಳೆಯುತ್ತದೆ. ಇನ್ನೊಂದು, ಸ್ಕೆಚ್ ಪೆನ್ನಿನ ಶಾಯಿ ಮತ್ತು ಫ್ಲೋರೊಸೆಂಟ್ ಬಣ್ಣ ಬೆಳಕಿಗೆ ಬೇಗ ಮಾಸುತ್ತವೆ. ಗೆರೆಗೆ ಪಿಗ್ಮೆಂಟ್ ಶಾಯಿಯ ಪೆನ್ನೇ ಬೇಕು.

ಇದನ್ನೊಮ್ಮೆ ಮಾಡಿ ನೋಡಿ. ಕರಾವಳಿಯ ಹಳೆಯ ದೇವಸ್ಥಾನ, ಮನೆಗಳ ಗೋಡೆಯ ಮೇಲೆ ಕಾವಿ ಕಲೆ ನೋಡಿರುತ್ತೀರಿ. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಂಪು ಮಣ್ಣಿನ ಪದರ. ಹಸಿ ಇರುವಾಗಲೇ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಚಿತ್ರವಾಗಿ ಮೂಡುತ್ತದೆ. ಕಾರ್ಡಿನಲ್ಲಿಯೂ ಅದೇ ಉಪಾಯ. ಮೊದಲು ಎರಡು ಕೋಟ್ ಜೆಸ್ಸೊ, ಅಂದರೆ ಅಡಿಗೆ ಬಳಿಯುವ ಬಿಳಿ ಲೇಪ, ಹಾಕಿ ಚೆನ್ನಾಗಿ ಒಣಗಿಸಿ. ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ಪೋಸ್ಟರ್ ಕಲರ್ ದಪ್ಪಗೆ ಬಳಿಯಿರಿ. ಬೆರಳು ಮುಟ್ಟಿದರೆ ಅಂಟದ, ಆದರೆ ಇನ್ನೂ ತಣ್ಣಗಿರುವ ಹೊತ್ತಲ್ಲಿ ದಬ್ಬಣದ ತುದಿಯಿಂದ ಕೆರೆಯಿರಿ. ಒಂದು ಬಳ್ಳಿ, ಒಂದು ಹಂಸ. ಎರಡೇ ಬಣ್ಣದಲ್ಲಿ ಆಗುವ ಈ ಕಾರ್ಡನ್ನು ಹೊರ ಊರಿನವರು ಕೇಳಿ ಪಡೆಯುತ್ತಾರೆ.

ಯಕ್ಷಗಾನ ಬರೆಯಿರಿ, ಧಾರಾಳವಾಗಿ. ಬಣ್ಣದ ವೇಷದ ಮುಖದ ಮೇಲೆ ಅಕ್ಕಿ ಹಿಟ್ಟಿನ ಉಬ್ಬು ಚುಕ್ಕೆ, ಅಂದರೆ ಚುಟ್ಟಿ, ಇಡುವುದೇ ಒಂದು ಸೂಕ್ಷ್ಮ ಚಿತ್ರ, ಕಾರ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಬೇರೆಯವರು ತೆಗೆದ ಫೋಟೋ ನೋಡಿ ಬರೆಯುವುದಾದರೆ ಅವರನ್ನು ಕೇಳಿ ಬರೆಯಿರಿ. ಆದರೆ ದೈವದ ಮೊಗ ನಾನು ಕಾರ್ಡಿನಲ್ಲಿ ಬರೆಯುವುದಿಲ್ಲ. ಅದು ಯಾರ ಕಿಸೆಗೆ ಹೋಗುತ್ತದೋ, ಯಾವ ನೆಲದ ಮೇಲೆ ಬೀಳುತ್ತದೋ ಗೊತ್ತಿಲ್ಲ. ನಂಬುವವರ ಮನಸ್ಸು ನೋಯಿಸಿ ಆಗಬೇಕಾದ್ದೇನೂ ಇಲ್ಲ. ಇದು ನನ್ನ ಲೆಕ್ಕ, ನಿಮ್ಮದು ನಿಮಗೆ ಬಿಟ್ಟದ್ದು.

ಇನ್ನು ಬೂಸ್ಟು. ನಮ್ಮೂರಲ್ಲಿ ಕಾಗದದ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಬೇರೆ ಊರಿನವರು ಬರೆದ ಸಲಹೆ ಇಲ್ಲಿ ನಡೆಯುವುದೂ ಇಲ್ಲ.

ನನ್ನದೇ ಕಥೆ ಕೇಳಿ. ಶುರುವಿನ ವರ್ಷಗಳಲ್ಲಿ 18 ಅಕ್ರಿಲಿಕ್ ಕಾರ್ಡ್ ಮಾಡಿ, ಒಣಗಿದೆ ಎಂದು ಒಂದರ ಮೇಲೊಂದು ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟೆ. ಮೇ ತಿಂಗಳ ಸೆಕೆ ಕಳೆಯಿತು, ಜೂನ್ ಜುಲೈ ಮಳೆಯೂ ಕಳೆಯಿತು. ಆಟಿಯಲ್ಲಿ ತೆಗೆದು ನೋಡಿದರೆ 18 ಕಾರ್ಡ್ ಸೇರಿ ಒಂದು ಇಟ್ಟಿಗೆ! ಅಕ್ರಿಲಿಕ್ ಮುಟ್ಟಲು ಒಣಗಿದ ಹಾಗಿದ್ದರೂ ಅದು ಪ್ಲಾಸ್ಟಿಕ್ಕಿನ ಜಾತಿ. ಸೆಕೆಗೆ ಮೆತ್ತಗಾಗುತ್ತದೆ, ಒತ್ತಿದರೆ ಪಕ್ಕದ್ದಕ್ಕೆ ಅಂಟುತ್ತದೆ. ಸುಮ್ನೆ ಎಳೆದಿದ್ದರೆ ಎಲ್ಲ ಸಿಪ್ಪೆ ಏಳುತ್ತಿತ್ತು. ಜಿಪ್ ಚೀಲದಲ್ಲಿ ಹಾಕಿ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟೆ. ತಣಿದರೆ ಬಣ್ಣ ಬಿರುಸಾಗುತ್ತದೆ. ಆಮೇಲೆ ಮೂಲೆಯಿಂದ ನಿಧಾನ ಬಿಡಿಸಿದೆ. 11 ಉಳಿದವು. ನಿಮ್ಮ ಅಂಟಿದ ಕಾರ್ಡ್‌ಗಳಿಗೂ ಇದನ್ನೇ ಮಾಡಿ, ಆದರೆ ಬಗ್ಗಿಸಬೇಡಿ, ತಣ್ಣಗಿರುವಾಗ ಬಣ್ಣ ಬಿರಿಯುತ್ತದೆ. ಮುಂದಕ್ಕೆ ಅಕ್ರಿಲಿಕ್ ಕಾರ್ಡ್‌ಗಳ ನಡುವೆ ಬಟರ್ ಪೇಪರ್ ಇಡಿ, ಮಲಗಿಸಿ ಪೇರಿಸಬೇಡಿ, ನಿಲ್ಲಿಸಿ ಇಡಿ.

ಬೂಸ್ಟು ಬಂದವನ್ನು ಮೊದಲು ಉಳಿದವುಗಳಿಂದ ಬೇರೆ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಸ್ಟು ಕಾಗದದೊಳಗೆ ಇನ್ನೂ ಇಳಿಯುತ್ತದೆ, ಬಣ್ಣವೂ ಹೋಗುತ್ತದೆ. ನೆರಳಲ್ಲಿ, ಫ್ಯಾನಿನ ಗಾಳಿಗೆ ಒಂದು ದಿನ ಪೂರ್ತಿ ಒಣಗಿಸಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ನಿಂತು, ಮೆತ್ತನೆಯ ಬ್ರಷ್ಷಿನಿಂದ ಕೊಡವಿ. ಮಗಳನ್ನು ಹತ್ತಿರ ಬಿಡಬೇಡಿ. ಕಂದು ಚುಕ್ಕೆ ಉಳಿದರೆ ಉಳಿಯಲಿ, ಅದಕ್ಕೆ ಮನೆಮದ್ದಿಲ್ಲ.

ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಸ್ಟಿಗೆ ಹಬ್ಬ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ 80, 90 ಸಾಮಾನ್ಯ. ಇಡೀ ಕೋಣೆ ಒಣಗಿಸುವುದು ಆಗದ ಮಾತು. ಡಬ್ಬಿಯೊಳಗಿನ ಗಾಳಿ ಒಣಗಿಸಿದರೆ ಸಾಕು. ರಬ್ಬರ್ ಅಂಚಿನ, ಬಿಗಿ ಮುಚ್ಚಳದ ಒಂದು ಡಬ್ಬಿ ತನ್ನಿ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮಣಿಗಳನ್ನು ಬಟ್ಟೆಯ ಪೊಟ್ಟಣದಲ್ಲಿ ಹಾಕಿ ಒಳಗಿಡಿ. ತೇವ ಹೀರಿ ಅವು ಹಸಿರಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಕಿತ್ತಳೆ. ನೀಲಿ ಮಣಿ ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಸಲ್ಲ. ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಂದನ್ನು ಒಳಗಿಟ್ಟರೆ ನಿಶ್ಚಿಂತೆ. ಅಕ್ಕಿಯಲ್ಲಿ ಹೂತಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಹುಳಕ್ಕೆ ನೀವೇ ಊಟಕ್ಕೆ ಕರೆದ ಹಾಗೆ. ನುಸಿಗುಳಿಗೆ ಹುಳಕ್ಕೆ ಆಗುತ್ತದೆ, ಬೂಸ್ಟಿಗೆ ಅಲ್ಲ.

ಡಬ್ಬಿ ಮುಚ್ಚುವ ಕಾಲವೂ ಮುಖ್ಯ. ಮಳೆ ಶುರುವಾಗುವಾಗ ಗಡಿಬಿಡಿಯಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಹಾಕಿ ಮುಚ್ಚಿದ ಹಾಗೆ. ಮೇ ತಿಂಗಳಲ್ಲೂ ನಮ್ಮ ಗಾಳಿಯಲ್ಲಿ ಬೆವರು ಇರುತ್ತದೆ. ನಿಜವಾಗಿ ಒಣಗಿದ ಕಾಲ ಡಿಸೆಂಬರಿನಿಂದ ಫೆಬ್ರವರಿ. ಆಗ ಎಲ್ಲ ಕಾರ್ಡ್ ಹೊರಗೆ ತೆಗೆದು, ಗಾಳಿಗಿಟ್ಟು, ಬಿಸಿಲು ಚೆನ್ನಾಗಿರುವ ದಿನದ ಮಧ್ಯಾಹ್ನ ತುಂಬಿಸಿ ಮುಚ್ಚಿಬಿಡಿ.

ಒಂದು ಹಾಳೆಗೆ ಒಂಬತ್ತು ಜೇಬಿರುವ ಪಾರದರ್ಶಕ ಪುಟಗಳು ಈ ಅಳತೆಗೇ ಸಿಗುತ್ತವೆ. ಪಾಲಿಪ್ರೊಪಿಲೀನಿನದ್ದೇ ಕೇಳಿ. ಪಿವಿಸಿಯದ್ದು ಕೆಲವು ವರ್ಷದಲ್ಲಿ ಜಿಡ್ಡಾಗಿ ಬಣ್ಣ ಹಿಡಿದುಕೊಳ್ಳುತ್ತದೆ. ಅಂಟಿನ ಹಾಳೆಯ ಹಳೆಯ ಫೋಟೋ ಆಲ್ಬಂ ಬೇಡ. ಲ್ಯಾಮಿನೇಶನ್ ಬೇಡವೇ ಬೇಡ, ಬಿಸಿ ಅಂಟು ಒಮ್ಮೆ ಹಿಡಿದರೆ ಹಿಂದಕ್ಕೆ ದಾರಿಯಿಲ್ಲ.

ಇನ್ನು ಬದಲಾಯಿಸಿಕೊಳ್ಳುವುದು. ಆರು ಜನ ಸೇರಿ. ಒಬ್ಬೊಬ್ಬರೂ ಐದೈದು ಕಾರ್ಡ್ ತನ್ನಿ. ಹೋಗುವಾಗ ಎಲ್ಲರ ಕೈಯಲ್ಲೂ ಐದು ಬೇರೆ ಬೇರೆ ಜನರ ಕಾರ್ಡ್ ಇರುತ್ತವೆ. ಯಾರದಾದರೂ ಮನೆಯ ಚಾವಡಿ, ಚಹಾ, ಗೋಳಿಬಜೆ ಇದ್ದರೆ ಸಾಕು. ಎಣ್ಣೆ ಕೈಯಲ್ಲಿ ಕಾರ್ಡ್ ಮುಟ್ಟಬೇಡಿ, ಗೋಳಿಬಜೆ ಕೊನೆಗೆ ಬರಲಿ. ಒಂದಕ್ಕೆ ಒಂದು ಎಂಬುದೇ ಲೆಕ್ಕ. ಹತ್ತು ವರ್ಷ ಬರೆದವರದ್ದೂ ಒಂದು, ನಿನ್ನೆ ಶುರು ಮಾಡಿದವರದ್ದೂ ಒಂದು. ನನ್ನದು ಚೆನ್ನಾಗಿದೆ, ಅದಕ್ಕೆ ಎರಡು ಕೊಡಿ ಅಂದವರನ್ನು ಮುಂದಿನ ಸಲ ಕರೆಯಬೇಡಿ.

ಅಂಚೆಯಲ್ಲೂ ಕಳಿಸಬಹುದು. 300 ಜಿಎಸ್‌ಎಂನ ಒಂದು ಕಾರ್ಡಿನ ತೂಕ ಎರಡು ಗ್ರಾಂ ಕೂಡ ಇಲ್ಲ. ಒಂದು ಕಾರ್ಡ್, ಎರಡೂ ಕಡೆ ತೆಳು ರಟ್ಟು, ಪ್ಲಾಸ್ಟಿಕ್ ಕವರ್, ಲಕೋಟೆ ಸೇರಿದರೂ 20 ಗ್ರಾಂ ಒಳಗೆ ಬರುತ್ತದೆ, ಐದು ರೂಪಾಯಿ ಸ್ಟ್ಯಾಂಪ್ ಸಾಕು. ರಟ್ಟು ಬಿಡಬೇಡಿ. ಅಂಚೆ ಮುದ್ರೆಯ ಪೆಟ್ಟು ನೇರ ಚಿತ್ರಕ್ಕೆ ಬಿದ್ದರೆ ಗುಂಡಗಿನ ಗುರುತು ಕಾಣುತ್ತದೆ. ತಲುಪಿದ್ದು ಗೊತ್ತಾಗಬೇಕಾದರೆ ಸ್ಪೀಡ್ ಪೋಸ್ಟ್ ಮಾಡಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರಲ್ಲೇ ಸೇರಿಹೋಗಿದೆ.

ಅಂಗಡಿಯ ನೂರು ರೂಪಾಯಿ? ತೆಗೆದುಕೊಳ್ಳಿ, ತಪ್ಪೇನಿಲ್ಲ. ಇದೇ ಅಳತೆಯಲ್ಲಿ ಮಾರುವುದಕ್ಕೆಂದೇ ಮಾಡುವ ಕಾರ್ಡಿಗೆ ಹೊರಗಿನವರು ಎಸಿಇಒ (ಆರ್ಟ್ ಕಾರ್ಡ್ಸ್, ಎಡಿಷನ್ಸ್ ಅಂಡ್ ಒರಿಜಿನಲ್ಸ್) ಎಂಬ ಬೇರೆ ಹೆಸರೇ ಇಟ್ಟುಕೊಂಡಿದ್ದಾರೆ. ನೀವೂ ಎರಡು ಡಬ್ಬಿ ಮಾಡಿ. ಮಾರುವುದು ಒಂದರಲ್ಲಿ, ಬದಲಾಯಿಸುವುದು ಇನ್ನೊಂದರಲ್ಲಿ. ಕಲಸಬೇಡಿ. ಒಮ್ಮೆ ಬೆಲೆ ಕಟ್ಟಿದ ಕಾರ್ಡನ್ನು ಬದಲಾಯಿಸುವ ಮೇಜಿಗೆ ತಂದರೆ ಎದುರಿನವರು ತಮ್ಮ ಕಾರ್ಡ್ ನೂರು ರೂಪಾಯಿಗೆ ಸಮವೋ ಅಲ್ಲವೋ ಎಂದು ಯೋಚಿಸತೊಡಗುತ್ತಾರೆ, ಮತ್ತೆ ಆ ಮೇಜಿನಲ್ಲಿ ಮಜಾ ಇಲ್ಲ. ಮಲ್ಲಿಗೆಯ ಕಾರ್ಡನ್ನು ಪ್ರಿಂಟ್ ಹಾಕಿಸಿ ಮಾರುವುದಾದರೆ ಹಿಂದೆ ಪ್ರಿಂಟ್ ಎಂದೇ ಬರೆಯಿರಿ. ಕೈಯಲ್ಲಿ ಬರೆದದ್ದು ಎಂದು ಹೇಳಿ ಪ್ರಿಂಟ್ ಕೊಡುವುದು ಮೋಸ.

ಮಗಳ ಕಾರ್ಡ್ ಸೇರಿಸಿ. ಆದರೆ ಅವಳ ಬೆಕ್ಕಿನ ಚಿತ್ರಕ್ಕೆ ಮೀಸೆಯ ಗೆರೆಗಳನ್ನು ನೀವೇ ತಿದ್ದಿದ ಹಾಗೆ ಕಾಣುತ್ತದೆ. ಎಡಗಡೆಯ ಮೀಸೆ ನಡುಗುತ್ತಿದೆ, ಬಲಗಡೆಯದು ನೆಟ್ಟಗಿದೆ. ನಡುಗುವ ಮೀಸೆಯ ಬೆಕ್ಕನ್ನು ಅವಳೇ ಇನ್ನೊಂದು ಬರೆಯಲಿ, ಹಿಂದೆ ಅವಳ ಕೈಯಲ್ಲೇ ಹೆಸರು ಬರೆಸಿ. ಅದಕ್ಕೆ ಬದಲು ನನ್ನ ಕಾವಿಯ ಹಂಸ ಒಂದು ಅವಳಿಗೆ. ಈಗ ಕಳಿಸಬೇಡಿ, ಲಕೋಟೆ ಒದ್ದೆಯಾಗುತ್ತದೆ. ನವರಾತ್ರಿ ಕಳೆಯಲಿ.